ಅಪ್ಪನಿಗೆ ಮ್ಯೂಸಿಕ್ ಸ್ಟ್ರೀಮರ್ ಯಾವುದು ತಗೊಳ್ಳೋದು? ಶಬ್ದದ ವ್ಯತ್ಯಾಸ ನಿಜವಾಗ್ಲೂ ಕಿವಿಗೆ ಗೊತ್ತಾಗುತ್ತಾ?

ಕುಶಾವತಿ
ಎಲ್ರಿಗೂ ನಮಸ್ಕಾರ. ಅಪ್ಪನಿಗೆ ಒಂದು ಮ್ಯೂಸಿಕ್ ಸ್ಟ್ರೀಮರ್ (ನೆಟ್ಟಿಂದ ಹಾಡು ತಗೊಂಡು ಆಂಪ್ಲಿಫೈಯರಿಗೆ ಕೊಡೋ ಪೆಟ್ಟಿಗೆ) ತೆಗೆದುಕೊಡಬೇಕು ಅಂತಿದೀನಿ. ಅಪ್ಪ ಅಮ್ಮ ಇರೋದು ತೀರ್ಥಹಳ್ಳಿ ಹತ್ರದ ಹಳ್ಳಿಮನೇಲಿ, ನನಗೆ ಶಿವಮೊಗ್ಗದಲ್ಲಿ ಕೆಲಸ. ಮನೇಲಿ ಹಳೇ ಸ್ಟೀರಿಯೋ ಆಂಪ್ಲಿಫೈಯರ್, ಒಂದು ಜೊತೆ ಸೋನೋಡೈನ್ ಸ್ಪೀಕರ್ ಇವೆ. ಕ್ಯಾಸೆಟ್ಟೆಲ್ಲ ಬೂಷ್ಟು ಹಿಡಿದು ಹೋದ್ವು, ಸಿಡಿ ಪ್ಲೇಯರ್ ಡಿಸ್ಕ್ ಓದೋದು ನಿಲ್ಲಿಸಿ ಬಹಳ ಕಾಲ ಆಯ್ತು. ಈಗ ಅಪ್ಪ ಮಲ್ಲಿಕಾರ್ಜುನ ಮನ್ಸೂರರನ್ನ, ಹೊಸಹಳ್ಳಿ ಕೇಶವಮೂರ್ತಿಗಳ ಗಮಕವನ್ನ ಮೊಬೈಲ್ ಸ್ಪೀಕರಲ್ಲೇ ಕೇಳ್ತಾರೆ. ಇಷ್ಟು ವರ್ಷ ಸಂಗೀತ ಕೇಳಿಕೊಂಡು ಬಂದವರು ಹಾಗೆ ಕೇಳೋದು ನೋಡಿದ್ರೆ ಸಂಕಟ ಆಗುತ್ತೆ.

ಬಜೆಟ್ 25 ಸಾವಿರ. ಬೆಂಗಳೂರಲ್ಲಿರೋ ಸ್ನೇಹಿತೆಯ ಗಂಡ "ಆ ದುಡ್ಡಿಗೆ ಬರೋದರಲ್ಲಿ ಶಬ್ದಕ್ಕೆ ಜೀವ ಇರಲ್ಲ, ಲಕ್ಷದ ಹತ್ತಿರ ಹೋಗು" ಅಂತಾರೆ. ಒಂದು ಅಂಗಡೀಲಿ ಎರಡು ಸ್ಟ್ರೀಮರ್ ಒಂದರ ಹಿಂದೆ ಒಂದು ಕೇಳಿಸಿದ್ರು. ಎರಡನೇದು, ದುಬಾರಿದು, ಸ್ವಲ್ಪ ತುಂಬಿಕೊಂಡ ಹಾಗೆ ಅನಿಸ್ತು ನಿಜ. ಅದು ನನ್ನ ಕಿವಿಯೋ, ಅಂಗಡಿಯವರ ಮಾತೋ ತಿಳೀತಿಲ್ಲ. ಕೇಳಿ ನೋಡಿದವರು ಹೇಳಿ.

ವಿನೋಬನಗರ_ವೈಫೈ
25 ಸಾವಿರದೊಳಗೆ ಅಂದ್ರೆ ವೀಮ್ ಕಂಪನಿಯ ಸ್ಟ್ರೀಮರ್, ವೀಮ್ ಪ್ರೊ. ಯೋಚ್ನೆ ಮಾಡ್ಬೇಡಿ. ಉಳಿದ ದುಡ್ಡಲ್ಲಿ ರೂಟರಿಗೊಂದು ಮಿನಿ ಯುಪಿಎಸ್ ತಗೊಳ್ಳಿ.

ಸಾಗರದ_ಅಡಿಕೆ
ವೀಮ್ ಪ್ರೊಗೆ ನನ್ನದೂ ಒಂದು ವೋಟು. ಅದೇ ಕಂಪನಿಯ ಮಿನಿ ತಗೊಳ್ಳೋಕೆ ಹೋಗ್ಬೇಡಿ, ಅದ್ರಲ್ಲಿ ಕ್ರೋಮ್‌ಕಾಸ್ಟ್ (ಫೋನಿನ ಆಪಿಂದ ಹಾಡನ್ನ ವೈಫೈಯಲ್ಲಿ ಪೆಟ್ಟಿಗೇಲಿ ಹಾಕಿಸೋ ಗೂಗಲ್ ಸೌಲಭ್ಯ) ಇಲ್ಲ. ಅಪ್ಪಂದು ಆಂಡ್ರಾಯ್ಡ್ ಫೋನಾ?

ಕೊಡಚಾದ್ರಿ_ನೆತ್ತಿ
ಎಲ್ಲರೂ ಒಂದೇ ಹೆಸರು ಹೇಳೋ ಮುಂಚೆ ಒಂದು ಮಾತು. ಅಂಗಡೀಲಿ ನಿಮಗೆ ಅನಿಸಿದ್ದನ್ನ ಅಷ್ಟು ಸುಲಭಕ್ಕೆ ಬಿಟ್ಟುಕೊಡಬೇಡಿ. ನಾನು ಹತ್ತಾರು ವರ್ಷದಿಂದ ಹಿಂದೂಸ್ತಾನಿ ಕೇಳ್ತಿದೀನಿ. ತಂಬೂರಿಯ ಜವಾರಿ ಇದ್ಯಲ್ಲ, ತಂತಿ ಮೀಟಿದ ಮೇಲೆ ಮೇಲಿನ ಸ್ವರಗಳು ಒಂದೊಂದೇ ಬಿಚ್ಚಿಕೊಳ್ಳೋದು, ಅದು ಅಗ್ಗದ ಪೆಟ್ಟಿಗೇಲಿ ಒಂದೇ ಗುಂಯ್ ಅಂತ ಕೇಳುತ್ತೆ. ಒಳ್ಳೇದರಲ್ಲಿ ನಾಲ್ಕು ತಂತಿ ಬೇರೆಬೇರೆ ನಿಲ್ಲುತ್ತೆ. ಒಳಗಿನ ಡ್ಯಾಕ್ ಚಿಪ್ಪು (ಡಿಜಿಟಲ್ ಅಂಕಿಯನ್ನ ಆಂಪ್ಲಿಫೈಯರಿಗೆ ಬೇಕಾದ ಸಂಕೇತಕ್ಕೆ ತಿರುಗಿಸೋದು), ಪವರ್ ಸಪ್ಲೈ, ಕ್ಲಾಕು ಎಲ್ಲ ಬೇರೆ ಇರೋವಾಗ ಶಬ್ದ ಒಂದೇ ಇರುತ್ತೆ ಅಂದ್ರೆ ಹೇಗೆ ನಂಬೋದು?

ಪೈಬೋರ್ಡ್_ಹೊಸನಗರ
@ಕೊಡಚಾದ್ರಿ_ನೆತ್ತಿ ಸರ್, ಚಿಪ್ಪು ಬೇರೆ ಅನ್ನೋದು ಸರಿ. ವೀಮ್ ಪ್ರೊದಲ್ಲಿ ಬರ್-ಬ್ರೌನ್ ಚಿಪ್ಪು, ಪ್ರೊ ಪ್ಲಸ್‌ನಲ್ಲಿ ಎಕೆಎಂ, ಅಲ್ಟ್ರಾದಲ್ಲಿ ಇಎಸ್‌ಎಸ್. ಅಳತೆ ಮಾಡಿದ್ರೆ ಮೂರಕ್ಕೂ ವ್ಯತ್ಯಾಸ ಸಿಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಯಂತ್ರಕ್ಕೆ ಸಿಕ್ಕಿದ್ದೆಲ್ಲ ಕಿವಿಗೂ ಸಿಗಬೇಕಲ್ಲ? ಸಾಧಾರಣ ಡ್ಯಾಕ್ ಸೇರಿಸೋ ಕೊಳಕು (ಬೇಡದ ಸದ್ದು) ಕೂಡ ಸಂಗೀತಕ್ಕಿಂತ 90 ಡೆಸಿಬೆಲ್‌ಗೂ ಕೆಳಗಿರುತ್ತೆ. ಹಳ್ಳಿಮನೇಲಿ ಫ್ಯಾನು ತಿರುಗ್ತಿರುತ್ತೆ, ಹೊರಗೆ ಜೀರುಂಡೆ ಕೂಗ್ತಿರುತ್ತೆ. ಅದರ ಮಧ್ಯೆ ಆ ಕೊಳಕನ್ನ ಕೇಳಿಸಿಕೊಳ್ಳೋ ಕಿವಿ ಯಾರಿಗೂ ಇಲ್ಲ.

ಕೊಡಚಾದ್ರಿ_ನೆತ್ತಿ
ಯಂತ್ರದ ಅಳತೆ ಯಂತ್ರಕ್ಕೆ. ನಾನು ಕೇಳೋದು ಕಿವೀಲಿ.

ಮಾಳಿಗೆಮನೆ
ಕಿವೀಲೇ ಕೇಳೋಣ, ಯಾರು ಬೇಡ ಅಂದ್ರು? ಕಣ್ಣು ಮುಚ್ಚಿ ಕೇಳೋಣ ಅಷ್ಟೇ.

ಹೋದ ಬೇಸಿಗೇಲಿ ನಮ್ಮನೇಲಿ ಸಂಗೀತದ ಹುಚ್ಚಿರೋ ಒಂದಷ್ಟು ಜನ ಸೇರಿದ್ವಿ. ಒಬ್ರು ಲಕ್ಷಕ್ಕೂ ಮೇಲಿನ ಸ್ಟ್ರೀಮರ್ ತಂದಿದ್ರು, ನಂದು ಸಾಮಾನ್ಯದ್ದು. ಎರಡನ್ನೂ ಒಂದೇ ಆಂಪ್ಲಿಫೈಯರಿನ ಎರಡು ಇನ್‌ಪುಟ್‌ಗೆ ಹಾಕಿ, ಮುಂದೆ ಬೆಡ್‌ಶೀಟ್ ಕಟ್ಟಿದ್ವಿ. ಮೊದಲು ಏನೂ ಸರಿಹೊಂದಿಸದೆ ಕೇಳಿದಾಗ ಎಲ್ಲರೂ ಒಂದೇ ಬಾಯಿಂದ "ಎರಡನೇದು ಚೆನ್ನಾಗಿದೆ" ಅಂದ್ರು, ನಾನೂ ಅಂದೆ. ಆಮೇಲೆ ಮಲ್ಟಿಮೀಟರ್ ತೆಗೆದ್ವಿ. 100 ಹರ್ಟ್ಜ್ ಶ್ರುತಿಯ ಒಂದು ಫೈಲ್ ಹಾಕಿ ಸ್ಪೀಕರ್ ಟರ್ಮಿನಲ್ಲಿಗೆ ಮೀಟರಿನ ಕಡ್ಡಿ ಹಿಡಿದ್ರೆ ಎರಡನೇದು ಸ್ಪಷ್ಟವಾಗಿ ಜಾಸ್ತಿ ವೋಲ್ಟೇಜ್ ತೋರಿಸ್ತು. ಅಂದ್ರೆ ಅದು ಸುಮ್ಮನೆ ಸ್ವಲ್ಪ ಜೋರಾಗಿ ನುಡೀತಿತ್ತು. (ಮೀಟರ್ ಬಳಸೋರಿಗೆ: ಅಗ್ಗದ ಮೀಟರ್‌ಗಳು ಕರೆಂಟಿನ 50 ಹರ್ಟ್ಜ್ ಆಸುಪಾಸಲ್ಲೇ ಸರಿಯಾಗಿ ತೋರಿಸೋದು. 1000 ಹರ್ಟ್ಜ್ ಹಾಕಿ ಅಳೆದ್ರೆ ಅಂಕಿ ನಂಬೋಕಾಗಲ್ಲ.)

ಎರಡನ್ನೂ ಒಂದೇ ವೋಲ್ಟೇಜಿಗೆ ತಂದು, ಅಣ್ಣನ ಮಗಳನ್ನ ಬೆಡ್‌ಶೀಟಿನ ಹಿಂದೆ ಕೂರಿಸಿದ್ವಿ. ಪ್ರತಿ ಸಲ ನಾಣ್ಯ ಚಿಮ್ಮಿ ಯಾವುದು ಬಿತ್ತೋ ಅದನ್ನ ಹಾಕೋದು, ಬಾಯಿ ಬಿಡದೆ ಬರೆದಿಡೋದು ಅವಳ ಕೆಲಸ. ಕೊನೇಲಿ ಚೀಟಿ ಹೋಲಿಸಿದ್ರೆ ಯಾರದ್ದೂ ಊಹೆಗಿಂತ ಮೇಲಿಲ್ಲ. ದುಬಾರಿ ಪೆಟ್ಟಿಗೆ ತಂದವರು ಅವತ್ತು ಇಡೀ ಸಂಜೆ ತಮ್ಮ ಪೆಟ್ಟಿಗೇನ ಸರಿಯಾಗಿ ಗುರುತಿಸೋಕೆ ಆಗದೆ, "ಆದ್ರೂ ಇದರ ಆಪು, ಸ್ಕ್ರೀನು ನಂಗಿಷ್ಟ, ಮಾರಲ್ಲ" ಅಂದ್ರು. ಅದಕ್ಕೆ ನನ್ನ ತಕರಾರಿಲ್ಲ, ಇಷ್ಟಪಟ್ಟು ತಗೊಂಡಿದ್ದು.

ಸಾಗರದ_ಅಡಿಕೆ
ಇದು ಮಾತು. ಕುಶಾವತಿ ಅವರೇ, ಅಂಗಡೀಲಿ ಎರಡನೇದು ತುಂಬಿಕೊಂಡ ಹಾಗೆ ಕೇಳ್ತು ಅಂದ್ರಲ್ಲ, ಅಲ್ಲಿ ಯಾರಾದ್ರೂ ಮೀಟರ್ ಹಿಡಿದಿದ್ರಾ?

ಕುಶಾವತಿ
ಇಲ್ಲ. ವಾಲ್ಯೂಮ್ ಅವರೇ ಇಟ್ಟಿದ್ದು. ಎರಡನೇದು ಜೋರು ಅಂತ ಆಗ ಅನಿಸಲೇ ಇಲ್ಲ, ಚೆನ್ನಾಗಿದೆ ಅಂತಷ್ಟೇ ಅನಿಸ್ತು.

ಮಾಳಿಗೆಮನೆ
ಹಾಗೇ ಆಗೋದು. ಅರ್ಧ ಡೆಸಿಬೆಲ್, ಒಂದು ಡೆಸಿಬೆಲ್ ವ್ಯತ್ಯಾಸ ಇದ್ರೆ ಕಿವಿ ಅದನ್ನ "ಜೋರು" ಅಂತ ಹೇಳಲ್ಲ, "ಸ್ಪಷ್ಟ", "ತುಂಬಿದೆ", "ಹತ್ತಿರ ಬಂತು" ಅನ್ನುತ್ತೆ. ಸ್ವಲ್ಪ ಜೋರಾದಾಗ ಬೇಸ್ ಜಾಸ್ತಿ ಕೇಳುತ್ತೆ ಅನ್ನೋದು 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ ವಿಷಯ. ಹೋಲಿಸಿ ನೋಡಬೇಕು ಅಂದ್ರೆ 0.1 ಡೆಸಿಬೆಲ್ ಒಳಗೆ ಸಮ ಮಾಡ್ಬೇಕು. ಅಂಗಡೀಲಿ ಯಾರೂ ಮಾಡಲ್ಲ.

ಕೊಡಚಾದ್ರಿ_ನೆತ್ತಿ
ಇಂಥ ಪರೀಕ್ಷೇಲಿ ಕೂತವರಿಗೆ ಒಂದು ಒತ್ತಡ ಇರುತ್ತೆ, ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಸಂಗೀತ ಕೇಳೋ ಮನಸ್ಸು ಬೇರೆ, ಪರೀಕ್ಷೆ ಬರೆಯೋ ಮನಸ್ಸು ಬೇರೆ. ಒಂದು ರಾಗ ವಿಲಂಬಿತದಿಂದ ದ್ರುತಕ್ಕೆ ಹೋಗೋ ಹೊತ್ತಿಗೆ ನಮ್ಮೊಳಗೆ ಏನಾಗುತ್ತೆ ಅನ್ನೋದನ್ನ ಹತ್ತು ಸೆಕೆಂಡಿನ ತುಣುಕಲ್ಲಿ ಅಳೆಯೋಕಾಗಲ್ಲ. ಅದೂ ಅಲ್ಲದೆ, ವಿಜ್ಞಾನ ನಿಮ್ಮ ಕಡೆ ಮಾತ್ರ ಇಲ್ಲ. ಲಂಡನ್ನಿನ ಸಂಶೋಧಕ ಜೋಶುವಾ ರೈಸ್ 2016ರಲ್ಲಿ 18 ಪ್ರಯೋಗಗಳನ್ನ ಒಟ್ಟಿಗೆ ಸೇರಿಸಿ ನೋಡಿದಾಗ, ಹೈ-ರೆಸ್ ಆಡಿಯೋವನ್ನ (ಸಿಡಿಗಿಂತ ಹೆಚ್ಚು ವಿವರ ತುಂಬಿದ ಫೈಲ್) ಸಿಡಿ ಗುಣಮಟ್ಟದಿಂದ ಜನ ಗುರುತಿಸಬಲ್ಲರು ಅಂತ ಬಂತು. ಓದಿ ನೋಡಿ.

ಪೈಬೋರ್ಡ್_ಹೊಸನಗರ
ಓದಿದೀನಿ ಸರ್. ಅದರಲ್ಲಿ ಬಂದ ಅಂಕಿಯನ್ನೂ ಹೇಳಬೇಕಲ್ಲ. 12,500ಕ್ಕೂ ಹೆಚ್ಚು ಸಲ ಕೇಳಿದ್ದರಲ್ಲಿ ಸರಿ ಉತ್ತರ ಶೇ. 52.3. ನಾಣ್ಯ ಚಿಮ್ಮಿದ್ರೆ ಶೇ. 50. ತರಬೇತಿ ಕೊಟ್ಟು ಕೂರಿಸಿದವರಲ್ಲಿ ಶೇ. 60ರ ಹತ್ತಿರ ಬಂತು, ಅದನ್ನ ಒಪ್ಪಬೇಕು. ಆದ್ರೆ 2007ರಲ್ಲಿ ಮೇಯರ್ ಮತ್ತು ಮೊರಾನ್ ಹೈ-ರೆಸ್ ದಾರಿಯ ಮಧ್ಯೆ ಸಿಡಿ ಗುಣಮಟ್ಟದ ಒಂದು ಕೊಂಡಿ ತೂರಿಸಿ 554 ಸಲ ಪರೀಕ್ಷೆ ಮಾಡಿದಾಗ ಬಂದಿದ್ದು ಶೇ. 49.8. ಅಂದ್ರೆ ವ್ಯತ್ಯಾಸ ಇದ್ರೂ ಅದು ತರಬೇತಿ ಪಡೆದ ಕಿವಿ, ಪ್ರಶಾಂತ ಕೋಣೆ, ಒಳ್ಳೇ ಸಲಕರಣೆ ಎಲ್ಲ ಕೂಡಿದಾಗ ಅಂಚಿನಲ್ಲಿ ಸಿಗೋ ವ್ಯತ್ಯಾಸ. ಮೇಲಾಗಿ ಈ ಎರಡೂ ಅಧ್ಯಯನ ಫೈಲಿನ ಗುಣಮಟ್ಟದ ಬಗ್ಗೆ. ಒಂದೇ ಫೈಲನ್ನ ಎರಡು ಸ್ಟ್ರೀಮರಲ್ಲಿ ಹಾಕಿದ್ರೆ ಏನಾಗುತ್ತೆ ಅನ್ನೋದಕ್ಕೆ ಅವು ಉತ್ತರ ಕೊಡಲ್ಲ.

ಕೊಡಚಾದ್ರಿ_ನೆತ್ತಿ
ಕೊನೇ ಮಾತು ಒಪ್ಪಿದೆ. ಆದ್ರೂ ಅಂಚಿನಲ್ಲಿ ಇದೆ ಅಂತ ನೀವೂ ಒಪ್ಪಿದ ಹಾಗಾಯ್ತು.

ಚಂಡೆಮದ್ದಲೆ
ಹತ್ತು ಸಲ ಕೇಳಿ ಎಷ್ಟು ಸರಿ ಹೇಳಿದ್ರೆ "ಗೊತ್ತಾಯ್ತು" ಅನ್ನಬಹುದು? ಏಳು ಸಾಕಾ? ನಮ್ಮ ತಮ್ಮ ಏಳು ಹೇಳಿ ಊರಿಗೆಲ್ಲ ಡಂಗುರ ಹೊಡೀತಿದಾನೆ.

ಮಾಳಿಗೆಮನೆ
ಏಳು ಸಾಲದು. ಸುಮ್ಮನೆ ಊಹಿಸಿದ್ರೂ ಹತ್ತಕ್ಕೆ ಏಳು ಅಥವಾ ಅದಕ್ಕಿಂತ ಹೆಚ್ಚು ಬೀಳೋ ಸಾಧ್ಯತೆ ಶೇ. 17. ಒಂಬತ್ತು ಬಂದ್ರೆ ಶೇ. 1ರ ಹತ್ತಿರ, ಅದನ್ನ ನಂಬಬಹುದು. ಹದಿನಾರಕ್ಕೆ ಹನ್ನೆರಡು ಅನ್ನೋದೂ ಚಾಲ್ತಿಯಲ್ಲಿರೋ ಲೆಕ್ಕ. ಕಂಪ್ಯೂಟರಲ್ಲಿ ಹಾಡು ನುಡಿಸೋ ತಂತ್ರಾಂಶ ಫೂಬಾರ್2000 ಹಾಕಿ, ನೋಡದೆ ಹೋಲಿಸೋ ಪರೀಕ್ಷೆಯ ಎಬಿಎಕ್ಸ್ ಪ್ಲಗಿನ್ ಸೇರಿಸಿದ್ರೆ ಅದೇ ಅಂಕ ಲೆಕ್ಕ ಹಾಕಿ ಕೊಡುತ್ತೆ. ತಮ್ಮನಿಗೆ ಇನ್ನೊಂದು ಸುತ್ತು ಕೂರಿಸಿ.

ಶ್ರುತಿಪೆಟ್ಟಿಗೆ
ನಾನು ಸಂಗೀತ ಪಾಠ ಹೇಳೋಳು. ಮೇಲಿನ ಲೆಕ್ಕಾಚಾರ ನಂಗೆ ಅಷ್ಟು ತಿಳಿಯಲ್ಲ, ಆದ್ರೆ ತಂಬೂರಿ ಮಾತು ಬಂತು ಅಂತ ಬರೀತಿದೀನಿ.

ಜವಾರಿ ಬಿಚ್ಚಿಕೊಳ್ಳೋದು ಬಿಡೋದು ಮೊದಲು ರೆಕಾರ್ಡಿಂಗಲ್ಲಿದೆ. ಮನ್ಸೂರರ ಹಳೇ ಧ್ವನಿಮುದ್ರಣಗಳನ್ನ ತಗೊಳ್ಳಿ, ಎಷ್ಟೋ ಕಡೆ ತಂಬೂರಿ ಮೈಕಿಂದ ದೂರ ಇದೆ, ಹಾರ್ಮೋನಿಯಂ ಅದನ್ನ ಮುಚ್ಚಿಬಿಡುತ್ತೆ. ಅಲ್ಲಿ ಇಲ್ಲದ್ದನ್ನ ಯಾವ ಪೆಟ್ಟಿಗೆ ತಂದುಕೊಡುತ್ತೆ? ಇನ್ನು ಕೆಲವು ಸೇವೆಗಳಲ್ಲಿ ಒಂದೇ ಹಾಡಿನ ಎರಡು ಮೂರು ಆವೃತ್ತಿ ಇರುತ್ತೆ. ಒಂದರಲ್ಲಿ ಹಿಸ್ ಅನ್ನೋ ಸದ್ದು ತೆಗೀತೀವಿ ಅಂತ ಮೇಲಿನ ಸ್ವರವನ್ನೆಲ್ಲ ಒರೆಸಿಹಾಕಿರ್ತಾರೆ. ಇನ್ನೊಂದರಲ್ಲಿ ಹಿಸ್ ಹಾಗೇ ಇರುತ್ತೆ, ಆದ್ರೆ ಉಸಿರು ತಗೊಳ್ಳೋದು ಕೂಡ ಕೇಳುತ್ತೆ. ನನ್ನ ವಿದ್ಯಾರ್ಥಿಗಳಿಗೆ ಎರಡನ್ನೂ ಕೇಳಿಸಿದ್ರೆ ಮೊಬೈಲಲ್ಲೇ ವ್ಯತ್ಯಾಸ ಹೇಳ್ತಾರೆ, ಪರದೆ ಬೇಡ, ನಾಣ್ಯ ಬೇಡ. ಕುಶಾವತಿ, ಅಪ್ಪನಿಗೆ ಪೆಟ್ಟಿಗೆ ತಂದುಕೊಟ್ಟ ಮೇಲೆ ಒಂದು ದಿನ ಪಕ್ಕದಲ್ಲಿ ಕೂತು ಒಳ್ಳೇ ಆವೃತ್ತಿಗಳನ್ನ ಹುಡುಕಿ ಪಟ್ಟಿ ಮಾಡಿಕೊಡಮ್ಮ. ದುಡ್ಡು ಕೊಟ್ಟು ಸಿಗದೇ ಇರೋದು ಅದು.

ಚಂಡೆಮದ್ದಲೆ
ನೂರಕ್ಕೆ ನೂರು. ಯಕ್ಷಗಾನದ ಹಳೇ ಕ್ಯಾಸೆಟ್‌ನಿಂದ ಅಂತರ್ಜಾಲಕ್ಕೆ ಏರಿಸಿದ್ದು ಕೇಳಿ, ಚಂಡೆ ಉರುಳಿಕೆ ಬಂದ ಕಡೆಯೆಲ್ಲ ಒಡೆದ ಸದ್ದು. ಕಾಳಿಂಗ ನಾವಡರ ಕಂಠ ಆ ಒಡಕಿನ ಮೇಲೂ ನಿಲ್ಲುತ್ತೆ, ಆ ಮಾತು ಬೇರೆ. ಅವತ್ತು ಮೈಕಿಟ್ಟವರು ಲೆವೆಲ್ ಸ್ವಲ್ಪ ಇಳಿಸಿದ್ರೆ ಇವತ್ತು ನಮಗೆ ಎಂಥ ಆಸ್ತಿ ಇರ್ತಿತ್ತು!

ದುರ್ಗಿಗುಡಿ_ರೇಡಿಯೋ
ಶಿವಮೊಗ್ಗ ಸುಬ್ಬಣ್ಣನವರು ನಮ್ಮ ಕಡೆ ವೇದಿಕೇಲಿ ಹಾಡಿದಾಗ ಕೇಳಿದವರು ಇಲ್ಲಿ ಯಾರಾದ್ರೂ ಇದೀರಾ? ಆ ಎತ್ತರದ ಸ್ಥಾಯಿಯ ಧ್ವನಿ ಎದುರಿಗೆ ಕೇಳಿದ್ಮೇಲೆ ಯಾವ ಸ್ಪೀಕರೂ ರುಚಿಸಲ್ಲ ನಂಗೆ. ಹಾಂ, ಇನ್ನೊಂದು. ಆಕಾಶವಾಣಿ ಭದ್ರಾವತಿ ಸ್ಟ್ರೀಮರಲ್ಲಿ ಬರುತ್ತಾ? ನಮ್ಮನೇಲಿ ಎಲ್ಲ ಬಿಟ್ರೂ ಅದು ಬಿಡಲ್ಲ.

ಸಾಗರದ_ಅಡಿಕೆ
ಬರುತ್ತೆ ಮಾರಾಯ್ರೆ. ಮೊಬೈಲಲ್ಲಿ ಆಕಾಶವಾಣಿ ಆಪ್ ಹಾಕಿ ಬ್ಲೂಟೂತಲ್ಲಿ ಕಳ್ಸಿದ್ರೂ ಆಯ್ತು. ವೀಮ್ ಆಪಲ್ಲಿ ಸ್ಟ್ರೀಮಿನ ವಿಳಾಸ ನೇರ ಹಾಕೋಕೂ ಜಾಗ ಇದೆ, ಒಮ್ಮೆ ಹಾಕಿ ಪ್ರೀಸೆಟ್ ಮಾಡಿಟ್ರೆ ಮತ್ತೆ ಫೋನ್ ಮುಟ್ಟೋದೇ ಬೇಡ.

ಕುಶಾವತಿ
ಅಪ್ಪಂದು ಆಂಡ್ರಾಯ್ಡ್. ಒಂದು ಮುಖ್ಯ ವಿಷಯ ಹೇಳೋದು ಬಿಟ್ಟುಹೋಗಿತ್ತು. ಅಪ್ಪ ಕೇಳೋದರಲ್ಲಿ ಗಮಕ, ತಾಳಮದ್ದಲೆ ಎಲ್ಲ ಯೂಟ್ಯೂಬಲ್ಲೇ ಇರೋದು. ಹಿಂದೂಸ್ತಾನಿ ಮಾತ್ರ ಬೇರೆ ಆಪಲ್ಲಿ ಸಿಗುತ್ತೆ.

ವಿನೋಬನಗರ_ವೈಫೈ
ಈಗ ನೋಡಿ ನಿಜವಾದ ಪ್ರಶ್ನೆ ಬಂತು. ಎಲ್ಲರೂ ಗಮನ ಕೊಡಿ, ಇದು ಡ್ಯಾಕ್ ಚಿಪ್ಪಿಗಿಂತ ದೊಡ್ಡದು.

ಶಬ್ದಕ್ಕೆ ಮಾತ್ರ ಇರೋ ಕ್ರೋಮ್‌ಕಾಸ್ಟ್ ಪೆಟ್ಟಿಗೆಗಳಿಗೆ ಯೂಟ್ಯೂಬ್ ವಿಡಿಯೋ ಆಪ್‌ನಿಂದ ಕಾಸ್ಟ್ ಆಗಲ್ಲ. ಯೂಟ್ಯೂಬ್ ಮ್ಯೂಸಿಕ್ ಆಪ್‌ನಿಂದ ಆಗುತ್ತೆ. ಹಾಗಾಗಿ ಗಮಕದ ವಿಡಿಯೋ ಯೂಟ್ಯೂಬ್ ಮ್ಯೂಸಿಕಲ್ಲಿ ಸಿಗುತ್ತಾ ಮೊದಲು ಹುಡುಕಿ. ಸಿಗದೇ ಇದ್ರೆ ಬ್ಲೂಟೂತೇ ದಾರಿ. ಬ್ಲೂಟೂತ್ ಅಂದ್ರೆ ಮೂಗು ಮುರೀಬೇಡಿ, ಯೂಟ್ಯೂಬ್ ಶಬ್ದ ಮೂಲದಲ್ಲೇ 128ರಿಂದ 160 ಕೆಬಿಪಿಎಸ್ ಆಸುಪಾಸು. ಮಾತು ಮತ್ತು ಒಂಟಿ ಕಂಠಕ್ಕೆ ಧಾರಾಳ ಸಾಕು. ಫೋನ್ ಬಂದಾಗ ಗಮಕದ ಮಧ್ಯೆ ರಿಂಗ್‌ಟೋನ್ ಸ್ಪೀಕರಲ್ಲಿ ಹೊಡೆಯುತ್ತೆ ಅನ್ನೋದೇ ಅದರ ತೊಂದರೆ.

ಉಳಿದ ಸೇವೆಗೆ ಕ್ರೋಮ್‌ಕಾಸ್ಟ್ ಅಥವಾ ಸ್ಪಾಟಿಫೈ ಕನೆಕ್ಟ್ ಬಳಸಿ. ಅದರಲ್ಲಿ ಹಾಡನ್ನ ನೆಟ್ಟಿಂದ ಎಳೆಯೋದು ಪೆಟ್ಟಿಗೇನೇ, ಫೋನ್ ಬರೀ ರಿಮೋಟು. ಅಪ್ಪ ಫೋನ್ ಹಿಡ್ಕೊಂಡು ತೋಟಕ್ಕೆ ಹೋದ್ರೂ ಅಮ್ಮನಿಗೆ ಹಾಡು ನಿಲ್ಲಲ್ಲ.

ಪೈಬೋರ್ಡ್_ಹೊಸನಗರ
ಇದಕ್ಕೇ ಹೇಳೋದು, ಬ್ಲೂಸೌಂಡ್ ನೋಡ್ ಥರದ ಸ್ಟ್ರೀಮರ್ ದುಬಾರಿ ಆದ್ರೂ ಅದರಲ್ಲಿ ಕ್ರೋಮ್‌ಕಾಸ್ಟ್ ಇಲ್ಲ, ಏರ್‌ಪ್ಲೇ (ಐಫೋನಿಂದ ಹಾಡು ಕಳ್ಸೋ ಆಪಲ್ ಸೌಲಭ್ಯ) ಇದೆ. ವೀಮ್ ಅಲ್ಟ್ರಾ 2024ರಲ್ಲಿ ಬಂದಾಗ ಅದರಲ್ಲಿ ಏರ್‌ಪ್ಲೇ ಇರಲಿಲ್ಲ, ಕಾಸ್ಟ್ ಇತ್ತು. ಐಫೋನ್ ಮನೆಗೂ ಆಂಡ್ರಾಯ್ಡ್ ಮನೆಗೂ ಬೇಕಾಗಿರೋದು ಬೇರೆಬೇರೆ. ಬಾಕ್ಸಿನ ಮೇಲೆ ಬರೆದಿರೋದನ್ನ ಓದಿ ತಗೊಳ್ಳಿ. ಟೈಡಲ್, ಕೋಬಜ್ ಅನ್ನೋ ಹಾಡಿನ ಸೇವೆಗಳನ್ನ ವಿದೇಶದ ರಿವ್ಯೂನಲ್ಲಿ ಹೊಗಳ್ತಾರೆ, ಅವು ನಮ್ಮ ದೇಶದಲ್ಲಿ ಅಧಿಕೃತವಾಗಿ ಇಲ್ಲ. ಇಲ್ಲಿ ಲಾಸ್‌ಲೆಸ್ (ಗುಣಮಟ್ಟ ಕುಗ್ಗಿಸದ ಹಾಡು) ಬೇಕು ಅನ್ನೋರಿಗೆ ಆಪಲ್ ಮ್ಯೂಸಿಕ್ 2021ರಿಂದ ಹೆಚ್ಚಿಗೆ ದುಡ್ಡಿಲ್ಲದೆ ಕೊಡ್ತಿದೆ.

ನನ್ನ ಮನೇಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಡ್ಯಾಕ್ ಹಲಗೆ ಕೂರಿಸಿ ಮೂಡ್ ಆಡಿಯೋ ಅನ್ನೋ ತಂತ್ರಾಂಶ ಹಾಕಿದೀನಿ. ಕಡಿಮೆ ಖರ್ಚು, ತಂತ್ರಾಂಶ ಉಚಿತ, ಸಿಡಿಗಳನ್ನೆಲ್ಲ ಗುಣಮಟ್ಟ ಕುಗ್ಗದ ಫ್ಲ್ಯಾಕ್ ಫೈಲ್ ಮಾಡಿ ಹಾರ್ಡ್‌ಡಿಸ್ಕಲ್ಲಿ ಇಟ್ಟಿದೀನಿ, ನೆಟ್ ಹೋದ್ರೂ ಹಾಡು ಇರುತ್ತೆ. ಪೈನ ಮೈಮೇಲೇ ಇರೋ ಹೆಡ್‌ಫೋನ್ ಜ್ಯಾಕ್ ಮಾತ್ರ ಬಳಸಬೇಡಿ. ಅದರಲ್ಲಿ ಸೊಂಯ್ ಅನ್ನೋ ಸದ್ದು ಯಾರ ಕಿವಿಗೂ ಬೀಳುತ್ತೆ, ಪರದೆ ಕಟ್ಟೋದೇ ಬೇಡ.

ಮಾಳಿಗೆಮನೆ
ಪೈ ನಿಮಗೆ ಸರಿ, ಅವರ ಅಪ್ಪನಿಗಲ್ಲ. ಕರೆಂಟ್ ಹೋಗಿ ಬಂದು ಹೋಗಿ ಬಂದು ಎಸ್‌ಡಿ ಕಾರ್ಡ್ ಕೆಟ್ರೆ ಮಗಳು ಶಿವಮೊಗ್ಗದಿಂದ ಹೋಗಿ ಕಾರ್ಡಿಗೆ ತಂತ್ರಾಂಶ ಮತ್ತೆ ಹಾಕ್ಬೇಕು.

ಪೈಬೋರ್ಡ್_ಹೊಸನಗರ
ಅದು ಹೌದು.

ಕೊಡಚಾದ್ರಿ_ನೆತ್ತಿ
ನೆಟ್‌ವರ್ಕ್ ಕೇಬಲ್ ಬಗ್ಗೆ ಯಾರೂ ಹೇಳಲಿಲ್ಲ. ಒಳ್ಳೇ ಲ್ಯಾನ್ ಕೇಬಲ್ ಹಾಕಿದ್ರೆ ಹಿನ್ನೆಲೆ ನಿಶ್ಶಬ್ದ ಆಗುತ್ತೆ ಅಂತ ಓದಿದೀನಿ.

ವಿನೋಬನಗರ_ವೈಫೈ
ಇಲ್ಲಿ ನಾನು ಖಡಾಖಂಡಿತ ಬೇಡ ಅಂತೀನಿ. ನೆಟ್ಟಲ್ಲಿ ಹಾಡು ಪ್ಯಾಕೆಟ್ ಪ್ಯಾಕೆಟ್ ಆಗಿ ಬರುತ್ತೆ, ಒಂದು ಪ್ಯಾಕೆಟ್ ಕೆಟ್ಟು ಬಂದ್ರೆ ಪೆಟ್ಟಿಗೆ ಅದನ್ನ ಮತ್ತೆ ಕೇಳಿ ತರಿಸಿಕೊಳ್ಳುತ್ತೆ, ಎಲ್ಲ ಬಫರಲ್ಲಿ ಕೂಡಿಟ್ಟು ತನ್ನದೇ ಕ್ಲಾಕಿಗೆ ನುಡಿಸುತ್ತೆ. ಕೇಬಲ್ ಕೆಟ್ಟಿದ್ರೆ ಹಾಡು ಕಟ್ ಕಟ್ ಆಗುತ್ತೆ ಇಲ್ಲ ನಿಲ್ಲುತ್ತೆ. "ಹಿನ್ನೆಲೆ ಸ್ವಲ್ಪ ಮಂಕು" ಅನ್ನೋ ಥರ ಕೆಡಲ್ಲ. ಕೇಬಲಿಗೆ ಸಾವಿರಗಟ್ಟಲೆ ಸುರೀಬೇಡಿ.

ನಮ್ಮ ಕಡೆ ಲ್ಯಾನ್ ಕೇಬಲಿಂದ ಬೇರೇನೇ ಅಪಾಯ ಇದೆ, ಅದು ಸಿಡಿಲು.

ಆಗುಂಬೆ_ಘಾಟಿ
ಸಿಡಿಲು ಅಂದ ಕೂಡಲೇ ಬಂದೆ. ಏಪ್ರಿಲ್ ಮೇನಲ್ಲಿ ಸಂಜೆ ಮೋಡ ಕಟ್ಟಿದ್ರೆ ನಮ್ಮನೇಲಿ ಮೊದಲ ಕೆಲಸ ಪ್ಲಗ್ ಕೀಳೋದು. ಸ್ವಿಚ್ ಆರಿಸಿದ್ರೆ ಸಾಲದು, ಗೋಡೆಯಿಂದಲೇ ಕೀಳಬೇಕು. ಹೋದ ವರ್ಷ ಪಕ್ಕದ ಮನೇಲಿ ಟಿವಿ ಪ್ಲಗ್ ಕಿತ್ತಿದ್ರು, ಡಿಶ್ ವೈರ್ ಬಿಟ್ಟಿದ್ರು. ಆ ವೈರಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಆಡಿಯೋ ವೈರಲ್ಲಿ ಆಂಪ್ಲಿಫೈಯರಿಗೆ. ಸಾಲಾಗಿ ಮೂರೂ ಹೋದ್ವು.

ಫೈಬರ್ ನೆಟ್ ಆದ್ರೆ ಗಾಜಿನ ಎಳೆ ಕರೆಂಟ್ ಹರಿಸಲ್ಲ, ಆದ್ರೆ ಕೆಲವು ಫೈಬರ್ ಕೇಬಲಲ್ಲಿ ಜೊತೆಗೊಂದು ಉಕ್ಕಿನ ತಂತಿ ಇರುತ್ತೆ, ಅಡಾಪ್ಟರ್ ಬೇರೆ ಗೋಡೆಗೆ ಚುಚ್ಚಿರುತ್ತೆ. ಹಾಗಾಗಿ ರೂಟರಿಂದ ಸ್ಟ್ರೀಮರಿಗೆ ತಾಮ್ರದ ವೈರ್ ಎಳೀಬೇಡಿ, ವೈಫೈಯಲ್ಲೇ ಇರಲಿ.

ಸಾಗರದ_ಅಡಿಕೆ
ಮಣ್ಣಿನ ಗೋಡೆ ಮನೆ ಆದ್ರೆ 5 ಗಿಗಾಹರ್ಟ್ಜ್ ಒಂದು ಗೋಡೆ ದಾಟೋದೂ ಕಷ್ಟ. 2.4ರಲ್ಲೇ ಸೇರಿಸಿ. ಸಿಡಿ ಗುಣಮಟ್ಟಕ್ಕೆ ಕುಗ್ಗಿಸದೇ ಕಳಿಸಿದ್ರೂ ಬೇಕಾಗೋದು 1411 ಕೆಬಿಪಿಎಸ್, ಅಂದ್ರೆ ಒಂದೂವರೆ ಎಂಬಿಪಿಎಸ್‌ಗಿಂತ ಕಡಿಮೆ. ಗಂಟೆಗೆ ಸುಮಾರು 635 ಎಂಬಿ. ಸ್ಪಾಟಿಫೈ 320ರಲ್ಲಿ ಗಂಟೆಗೆ 144 ಎಂಬಿ. ಫೈಬರ್ ಇದ್ರೆ ತಲೆ ಕೆಡಿಸಿಕೊಳ್ಳಬೇಡಿ, ಮೊಬೈಲ್ ಹಾಟ್‌ಸ್ಪಾಟ್ ಆದ್ರೆ ಲೆಕ್ಕ ಹಾಕಿ.

ದುರ್ಗಿಗುಡಿ_ರೇಡಿಯೋ
ಹಲ್ಲಿ ವಿಷಯ ಹೇಳಿ ಯಾರಾದ್ರೂ! ಆಂಪ್ಲಿಫೈಯರ್ ಬೆಚ್ಚಗಿರುತ್ತೆ ಅಂತ ಮಳೆಗಾಲದಲ್ಲಿ ಹಲ್ಲಿ, ಇರುವೆ ಒಳಗೆ ಸೇರ್ತವೆ. ಮೇಲಿನ ಕಿಂಡಿಗೆ ಸಣ್ಣ ಕಣ್ಣಿನ ಸೊಳ್ಳೆ ಪರದೆ ಬಟ್ಟೆ ಅಂಟಿಸಿ, ಗಾಳಿ ಆಡಬೇಕು ಮಾತ್ರ.

ಕುಶಾವತಿ
ಇಷ್ಟೆಲ್ಲ ತಿಳಿದವರು ಇದೀರಿ, ತುಂಬಾ ಉಪಕಾರ ಆಯ್ತು. ಇನ್ನೊಂದು ಪ್ರಶ್ನೆ. ಹಳೇ ಆಂಪ್ಲಿಫೈಯರಲ್ಲಿ ಟಿವಿಯಿಂದ ವೈರ್ ಹಾಕಿದಾಗ ಹುಂ ಅಂತ ಒಂದು ಸದ್ದು ಬರ್ತಿತ್ತು. ಸ್ಟ್ರೀಮರ್ ಹಾಕಿದ್ರೂ ಬರುತ್ತಾ?

ಮಾಳಿಗೆಮನೆ
ಅದು ಅರ್ತಿಂಗಿನ ಹುಂಕಾರ. ಎರಡು ಕಡೆ ಭೂಮಿ ಸಂಪರ್ಕ ಆಗಿ ಮಧ್ಯದ ಆಡಿಯೋ ವೈರಲ್ಲಿ 50 ಹರ್ಟ್ಜ್ ಹರಿಯೋದು. ನಿಮ್ಮ ಕಡೆ ಡಿಶ್ ವೈರ್ ಅದಕ್ಕೆ ಕಾರಣ ಇರಬಹುದು, ಅದು ತೆಗೆದ್ರೆ ಹೋಗುತ್ತಾ ನೋಡಿ. ಸ್ಟ್ರೀಮರಿನ ಅಡಾಪ್ಟರಿಗೆ ಸಾಮಾನ್ಯವಾಗಿ ಅರ್ತ್ ಪಿನ್ ಇರಲ್ಲ, ಹಾಗಾಗಿ ಬರೋ ಸಾಧ್ಯತೆ ಕಡಿಮೆ. ಟಿವೀನೂ ಅದೇ ಆಂಪ್ಲಿಫೈಯರಿಗೆ ಬೇಕು ಅಂದ್ರೆ ಟಿವಿಯಿಂದ ಸ್ಟ್ರೀಮರಿನ ಆಪ್ಟಿಕಲ್ ಇನ್‌ಪುಟ್‌ಗೆ ಕೊಡಿ. ವೀಮ್ ಪ್ರೊದಲ್ಲಿ ಆಪ್ಟಿಕಲ್ ಇನ್ ಇದೆ. ಬೆಳಕಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ಹುಂಕಾರ ಅಲ್ಲಿಗೇ ನಿಲ್ಲುತ್ತೆ.

ನೋಡಿ, ಇಂಥ ಹುಂಕಾರ ಯಾವ ಡ್ಯಾಕಿನ ವ್ಯತ್ಯಾಸಕ್ಕಿಂತಲೂ ನೂರು ಪಾಲು ಜೋರು. ಮೊದಲು ಸರಿಪಡಿಸಬೇಕಾಗಿರೋದು ಕಿವಿಗೆ ಖಂಡಿತ ಬೀಳೋದನ್ನ. ಕೋಣೆನೂ ಹಾಗೇ. 12 ಅಡಿ ಉದ್ದದ ಆರ್‌ಸಿಸಿ ಕೋಣೇಲಿ ಸುಮಾರು 47 ಹರ್ಟ್ಜ್ ಹತ್ತಿರ ಗೋಡೆಯಿಂದ ಗೋಡೆಗೆ ಅಲೆ ನಿಂತುಬಿಡುತ್ತೆ, ತಬಲಾದ ಬಾಯಾ ಒಂದು ಕಡೆ ಕೂತ್ರೆ ಗುಮ್ ಅನ್ನುತ್ತೆ, ಇನ್ನೊಂದು ಕಡೆ ಮಾಯ. ಹಂಚಿನ ಮನೇಲಿ ಬೇಸ್ ಸ್ವಲ್ಪ ಮಾಡಿನ ಸಂದೀಲಿ ಹೊರಗೆ ಹೋಗಿಬಿಡುತ್ತೆ, ಅದು ಒಂದು ಲೆಕ್ಕಕ್ಕೆ ಒಳ್ಳೇದೇ. ರೆಡ್ ಆಕ್ಸೈಡ್ ನೆಲ ಮಾತ್ರ ಸದ್ದನ್ನ ಎತ್ತಿ ಎಸೆಯುತ್ತೆ, ಅಪ್ಪ ಕೂರೋ ಜಾಗದ ಮುಂದೆ ದಪ್ಪ ಜಮಖಾನ ಹಾಸಿ. ವೀಮ್ ಆಪಲ್ಲಿ ಫೋನಿನ ಮೈಕಲ್ಲೇ ಕೋಣೆ ಅಳೆದು ಸರಿಮಾಡೋ ಸೌಲಭ್ಯ ಇದೆ, ಅದನ್ನೂ ಒಮ್ಮೆ ಹಾಕಿ ನೋಡಿ. ನನಗೆ ಬೇಸ್ ಕಡೆ ಅದು ಬಹಳ ಉಪಯೋಗ ಆಯ್ತು, ಮೇಲಿನ ಸ್ವರಗಳನ್ನ ಮುಟ್ಟೋಕೆ ಬಿಡಲಿಲ್ಲ.

ಕೊಡಚಾದ್ರಿ_ನೆತ್ತಿ
ಕೋಣೆ ಮತ್ತು ಸ್ಪೀಕರ್ ಮೊದಲು ಅನ್ನೋದರಲ್ಲಿ ನನಗೂ ಭಿನ್ನಾಭಿಪ್ರಾಯ ಇಲ್ಲ. ಕುಶಾವತಿ ಅವರೇ, 25 ಸಾವಿರ ದಾಟಬೇಡಿ, ಲಕ್ಷದ ಮಾತು ನಾನೂ ಹೇಳಲ್ಲ. ಎಲ್ಲ ಸರಿಯಾದ ವ್ಯವಸ್ಥೇಲಿ, ವರ್ಷಗಟ್ಟಲೆ ಕೇಳಿದ ಕಿವಿಗೆ ಸಣ್ಣದೊಂದು ಉಳಿಯುತ್ತೆ ಅಂತ ಮಾತ್ರ ನನ್ನ ವಾದ. ಮಾಳಿಗೆಮನೆಯವರು ಮುಂದಿನ ಸಲ ಪರದೆ ಕಟ್ಟಿದಾಗ ಹೇಳಿ, ನನ್ನ ಪೆಟ್ಟಿಗೆ ಹಿಡ್ಕೊಂಡು ಬರ್ತೀನಿ.

ಮಾಳಿಗೆಮನೆ
ಖಂಡಿತ ಬನ್ನಿ ಸರ್. ಅಡಿಕೆ ಕೊಯ್ಲು ಮುಗೀಲಿ. ತುಣುಕು ಎಷ್ಟು ಉದ್ದ ಬೇಕೋ ನೀವೇ ಆರಿಸಿ, ಇಡೀ ವಿಲಂಬಿತ ಕೇಳಿಯೇ ಉತ್ತರ ಹೇಳಿ.

ಚಂಡೆಮದ್ದಲೆ
ನಂಗೂ ಜಾಗ ಇದ್ಯಾ? ತಮ್ಮನ್ನೂ ಕರ್ಕೊಂಡು ಬರ್ತೀನಿ.

ಶ್ರುತಿಪೆಟ್ಟಿಗೆ
ಕುಶಾವತಿ, ಆ ಸೋನೋಡೈನ್ ಸ್ಪೀಕರ್ ಎಷ್ಟು ಹಳೇದು? ಮುಂದಿನ ಬಟ್ಟೆ ಚೌಕಟ್ಟು ತೆಗೆದು ಕೋನಿನ ಸುತ್ತ ಇರೋ ಅಂಚು ನೋಡಿದೀಯಾ? ನಮ್ಮನೇದು ಫೋಮ್ ಅಂಚಿನದು, ಮಲೆನಾಡ ತೇವಕ್ಕೆ ಮುಟ್ಟಿದ್ರೆ ಪುಡಿ ಪುಡಿಯಾಗಿ ಉದುರಿತ್ತು. ಹೊರಗಿಂದ ನೋಡಿದ್ರೆ ಸ್ಪೀಕರ್ ಹೊಸದರ ಹಾಗೇ ಇತ್ತು.

ಕುಶಾವತಿ
ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ಚೌಕಟ್ಟು ತೆಗೆಸಿ ಫೋಟೋ ತರಿಸಿಕೊಂಡೆ. ಎಡಗಡೆಯದು ಚೆನ್ನಾಗಿದೆ. ಬಲಗಡೆಯದರಲ್ಲಿ ಕೆಳಗಿನ ಅರ್ಧ ಅಂಚು ಕಿತ್ತು ನೇತಾಡ್ತಿದೆ, ಅಮ್ಮ ಬೆರಳಿಟ್ಟ ಕಡೆ ಕಪ್ಪು ಪುಡಿ ಅಂಟಿದೆ. ಅಪ್ಪ "ಬಲಗಡೆ ಕಿವಿ ಮಂದ ಆಗಿದೆ" ಅಂತ ಹೇಳ್ತಾ ಇದ್ರು, ಡಾಕ್ಟರಿಗೆ ತೋರಿಸೋಣ ಅಂತಲೂ ಮಾತಾಡಿದ್ವಿ.

ವೀಮ್ ಪ್ರೊ ಈ ವಾರ ಆರ್ಡರ್ ಮಾಡ್ತೀನಿ. ಸ್ಪೀಕರ್ ಅಂಚು ಶಿವಮೊಗ್ಗದಲ್ಲಿ ಹಾಕಿಕೊಡೋರು ಇದಾರಾ? ಬಲಗಡೆಯದೊಂದೇ ತಂದ್ರೆ ಸಾಕಾ?

ದುರ್ಗಿಗುಡಿ_ರೇಡಿಯೋ
ಇದಾರೆ. ಮೈಕ್‌ಸೆಟ್ ರಿಪೇರಿ ಮಾಡೋ ಅಂಗಡಿಗಳಲ್ಲಿ ವಿಚಾರಿಸಿ, ಕೋನ್ ಹಾಕೋರೇ ಅಂಚೂ ಹಾಕ್ತಾರೆ. ಎರಡನ್ನೂ ತನ್ನಿ. ಎಡಗಡೆಯದೂ ಅಷ್ಟೇ ವಯಸ್ಸಿಂದು, ಇನ್ನೊಂದು ಮಳೆಗಾಲ ತಡೆಯಲ್ಲ, ಮತ್ತೆ ಒಂದಕ್ಕೆ ಹೊಸ ಅಂಚು ಇನ್ನೊಂದಕ್ಕೆ ಹಳೇದು ಇದ್ರೆ ಎರಡರ ಬೇಸೂ ಬೇರೆಬೇರೆ ಆಗುತ್ತೆ. ಫೋಮ್ ಬೇಡ, ರಬ್ಬರ್ ಅಂಚಲ್ಲಿ ಅದೇ ಅಳತೆದು, ಮೆತ್ತಗಿರೋದು ಸಿಗುತ್ತಾ ಕೇಳಿ. ಬಸ್ಸಲ್ಲಿ ತರೋದಾದ್ರೆ ಕೋನಿಗೆ ಏನೂ ತಾಗದ ಹಾಗೆ ರಟ್ಟು ಕಟ್ಟಿ.